ಎರಡೂ ಕಡೆ ಒಂದೇ ಸಿಂಹಮುದ್ರೆ: ಟಂಕಸಾಲೆಯ ತಪ್ಪೋ, ವೈಸ್‌ನಲ್ಲಿ ಒತ್ತಿದ್ದೋ?

ನಿಮ್ಮ ಹತ್ತಿರ 1 ರೂಪಾಯಿಯ ಹಳೇ ಸ್ಟೀಲ್ ನಾಣ್ಯ ಇದೆ. ಒಂದು ಕಡೆ ಸಿಂಹಮುದ್ರೆ ಸರಿಯಾಗಿ ಉಬ್ಬಿದೆ, ಹಿಂದುಗಡೆ ಅದೇ ಸಿಂಹಮುದ್ರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಒಳಕ್ಕೆ ಇಳಿದಿದೆ. ಅದು ಅಸಲಿಯೇ ಅನ್ನುವುದು ನಿಮ್ಮ ಪ್ರಶ್ನೆ. ಇಂಥದ್ದನ್ನು ನಮ್ಮ ಸಂಗ್ರಾಹಕರು ‘ಲಖಿ’ ಅಂತಾರೆ, ಬ್ರೋಕೇಜ್ ಅಂತಲೂ ಕರೆಯುತ್ತಾರೆ. ಅಸಲಿ ಲಖಿ ಖಂಡಿತ ಸಿಗುತ್ತದೆ, ನಕಲಿಯೂ ಸಿಗುತ್ತದೆ.

ಅದು ಹುಟ್ಟುವುದು ಹೀಗೆ. ಪ್ರೆಸ್‌ನಲ್ಲಿ ಎದುರುಬದುರು ಎರಡು ಡೈ, ಅಂದರೆ ಚಿತ್ರ ಕೊರೆದ ಅಚ್ಚು, ಸುತ್ತ ಉಂಗುರದಂಥ ಕಾಲರ್. ಖಾಲಿ ಬಿಲ್ಲೆ ಕಾಲರ್ ಒಳಗೆ ಕೂರುತ್ತದೆ, ಏಟು ಬೀಳುತ್ತದೆ, ನಾಣ್ಯ ಹೊರಬೀಳುತ್ತದೆ, ಮುಂದಿನ ಬಿಲ್ಲೆ ಬರುತ್ತದೆ. ನಿಮಿಷಕ್ಕೆ ನೂರಾರು ಸಲ ಹೀಗೇ ನಡೆಯುತ್ತದೆ. ಒಂದು ನಾಣ್ಯ ಹೊರಬೀಳದೆ, ಅಂಕಿ 1 ಇರುವ ಡೈಗೆ ಕಚ್ಚಿಕೊಂಡು ಉಳಿಯಿತು ಅನ್ನಿ. ಆ ಡೈ ಮುಚ್ಚಿಹೋಯಿತು, ಈಗ ಹೊರಗೆ ಕಾಣುವುದು ಕಚ್ಚಿಕೊಂಡ ನಾಣ್ಯದ ಸಿಂಹದ ಮುಖ. ಮುಂದಿನ ಬಿಲ್ಲೆಗೆ ಒಂದು ಕಡೆ ಸಿಂಹದ ಡೈ ಎಂದಿನಂತೆ ಒತ್ತುತ್ತದೆ, ಇನ್ನೊಂದು ಕಡೆ ಆ ನಾಣ್ಯದ ಉಬ್ಬುಸಿಂಹ ಒಳಕ್ಕೆ ಇಳಿಯುತ್ತದೆ. ಪೀಣ್ಯದ ಪ್ರೆಸ್ ಶಾಪ್‌ಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚ್‌ಗೆ ಅಂಟಿದ ಒಂದು ಚೂರು ಮುಂದಿನ ಪೀಸ್‌ಗಳಿಗೆಲ್ಲ ಗುರುತು ಹಾಕುತ್ತಾ ಹೋಗುವುದೂ ಇದೇ ಜಾತಿಯ ತಪ್ಪು.

ಇಲ್ಲಿ ಗಮನಿಸಬೇಕಾದ್ದು ಗಡಸುತನ. ಬಿಲ್ಲೆಯನ್ನು ಮೊದಲೇ ಕಾಯಿಸಿ ಮೆದು ಮಾಡಿರುತ್ತಾರೆ. ಏಟು ತಿಂದ ನಾಣ್ಯ ಆ ಒತ್ತಡಕ್ಕೇ ಗಡಸಾಗಿರುತ್ತದೆ. ಗಡಸು ಮೆದುವಿನ ಮೇಲೆ ಬಿದ್ದಾಗ ಅಚ್ಚು ಆಳವಾಗಿ, ಚೂಪಾಗಿ ಇಳಿಯುತ್ತದೆ. ಮನೆಯಲ್ಲಿ ಮಾಡುವವರು ಎರಡು ಸಿದ್ಧ ನಾಣ್ಯಗಳನ್ನು ಬೆಂಚ್ ವೈಸ್‌ನಲ್ಲಿಟ್ಟು ಬಿಗಿಯುತ್ತಾರೆ ಇಲ್ಲವೇ ಸುತ್ತಿಗೆಯಿಂದ ಹೊಡೆಯುತ್ತಾರೆ. ಎರಡೂ ಒಂದೇ ಗಡಸು, ಆದ್ದರಿಂದ ಎರಡೂ ಜಜ್ಜಿಹೋಗುತ್ತವೆ, ಅಚ್ಚು ಮೇಲುಮೇಲೆ ಬೀಳುತ್ತದೆ.

ಈಗ ಪರೀಕ್ಷೆ. 10 ಪಟ್ಟಿನ ಭೂತಗನ್ನಡಿ ತೆಗೆದುಕೊಳ್ಳಿ, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನಾಣ್ಯದ ಅಂಚಿನ ಮಟ್ಟಕ್ಕೆ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ಮಾಡಿ. ತಗ್ಗಿನ ಸಿಂಹದ ಸುತ್ತಲಿನ ಬಯಲನ್ನು ನಿಧಾನಕ್ಕೆ ನೋಡಿ. ಅಂಕಿ 1, ತೆನೆಯ ಕಾಳು, ಇಸವಿಯ ಗೆರೆ ಚಪ್ಪಟೆಯಾಗಿ, ನೆರಳಿನಂತೆ ಎಲ್ಲಾದರೂ ಕಂಡರೆ ಮುಗಿಯಿತು, ಅದು ಒತ್ತಿದ್ದೇ. ಪೂರ್ತಿ ಲಖಿಯ, ಅಂದರೆ ಕಚ್ಚಿಕೊಂಡ ನಾಣ್ಯ ಡೈಯನ್ನು ಇಡಿಯಾಗಿ ಮುಚ್ಚಿದ್ದಾಗ ಹುಟ್ಟಿದ್ದರ, ಆ ಮುಖ ಅಂಕಿಯ ಡೈಯನ್ನು ಮುಟ್ಟಿಯೇ ಇರುವುದಿಲ್ಲ, ಹಾಗಾಗಿ ಅಲ್ಲಿ ಅಂಕಿಯ ಅವಶೇಷ ಇರಲು ಸಾಧ್ಯವಿಲ್ಲ. ನಾನು ಬೇರೆಲ್ಲ ಪರೀಕ್ಷೆಗಿಂತ ಇದನ್ನೇ ನಂಬುತ್ತೇನೆ.

ಆಮೇಲೆ ಉಬ್ಬುಸಿಂಹದ ಕಡೆ ತಿರುಗಿಸಿ. ಅಲ್ಲಿ ಮೂತಿ, ಕೇಸರ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ವೈಸ್‌ನ ದವಡೆ ಒತ್ತಿದೆ ಎಂದರ್ಥ. ಕಚ್ಚಿಕೊಂಡ ನಾಣ್ಯ ಜರುಗಿರದಿದ್ದರೆ ಉಬ್ಬಿನ ಹಿಂದೆ ಸರಿಯಾಗಿ ತಗ್ಗು ಕೂತಿರುತ್ತದೆ. ಅದೇ ನಾಣ್ಯ ಡೈ ಮೇಲೆ ಉಳಿದು ಏಟಿನ ಮೇಲೆ ಏಟು ತಿಂದರೆ ಅಗಲವಾಗುತ್ತಾ ಹೋಗುತ್ತದೆ, ಮುಂದಿನವುಗಳಲ್ಲಿ ತಗ್ಗಿನ ಚಿತ್ರ ದೊಡ್ಡದಾಗಿ ಮಸುಕಾಗುತ್ತದೆ. ಬರೀ ಮಸುಕಾಗಿದೆ ಅಂತ ನಕಲಿ ಅನ್ನಬೇಡಿ.

ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವಂಥದ್ದು ಬೇಕು. 1992ರಲ್ಲಿ ಬಂದ 1 ರೂಪಾಯಿಯ ಸ್ಟೀಲ್ ನಾಣ್ಯ 4.85 ಗ್ರಾಂ, 25 ಮಿಲಿಮೀಟರ್, ಅಯಸ್ಕಾಂತಕ್ಕೆ ಅಂಟುತ್ತದೆ. 2011ರ ಸರಣಿಯ 2 ರೂಪಾಯಿಯದ್ದೂ ಇದೇ ತೂಕ, ಇದೇ ಅಳತೆ. ನಿಮ್ಮದರಲ್ಲಿ ಅಂಕಿಯೇ ಇಲ್ಲದ ಕಾರಣ, ಎರಡರ ಮಾಮೂಲಿ ನಾಣ್ಯವನ್ನೂ ಪಕ್ಕದಲ್ಲಿಟ್ಟು ಸಿಂಹದ ಮುಖವನ್ನು ಹೋಲಿಸಿ. ವ್ಯಾಸ ಹೆಚ್ಚಿದ್ದರೆ ಗಾಬರಿ ಬೇಡ, ಬಿಲ್ಲೆ ಕಾಲರ್ ಒಳಗೆ ಪೂರ್ತಿ ಇಳಿಯದಿದ್ದರೆ ಸುತ್ತಲೂ ಹರಡುತ್ತದೆ. ಆದರೆ ಅಂಚಿನಲ್ಲಿ ಒಂದೇ ಕಡೆ ಕಚ್ಚು, ಗೀರು ಇದ್ದರೆ ಅನುಮಾನಿಸಿ.

ಇನ್ನೊಂದು ಮಾತು. ಈ ನಾಣ್ಯದಲ್ಲಿ ಮಿಂಟಿನ, ಅಂದರೆ ಟಂಕಸಾಲೆಯ, ಗುರುತು ಇರುವುದು ಇಸವಿಯ ಕೆಳಗೆ: ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ, ಕೋಲ್ಕತ್ತಕ್ಕೆ ಏನೂ ಇಲ್ಲ. ಸಿಂಹದ ಪೂರ್ತಿ ಲಖಿಯಲ್ಲಿ ಇಸವಿಯೂ ಇಲ್ಲ, ಗುರುತೂ ಇಲ್ಲ. ‘ಇದು ನೋಯ್ಡಾದ್ದು, ಇಂಥ ಇಸವಿಯದ್ದು’ ಅಂತ ಯಾರಾದರೂ ಖಚಿತವಾಗಿ ಹೇಳಿ ಬೆಲೆ ಏರಿಸಿದರೆ ನಂಬಬೇಡಿ.

ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬೇಡಿ. ಉಜ್ಜಿದರೆ ಗೆರೆ ಬೀಳುತ್ತದೆ, ಮೂಲ ಹೊಳಪು ಹೋಗುತ್ತದೆ, ಬಲ್ಲವರು ಕೂಡಲೇ ಬೆಲೆ ಇಳಿಸುತ್ತಾರೆ. ಪಿವಿಸಿ ಕವರ್ ಬೇಡ, ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್‌ನಲ್ಲಿಡಿ. ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಇಲ್ಲವೇ ತೆರಿಗೆ ಕಟ್ಟಿ ಅನ್ನುವ ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರಲ್ಲಿ ಹೀಗೆ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಎರಡೂ ಮುಖ ಮತ್ತು ಅಂಚು, ಮೂರನ್ನೂ ಓರೆಬೆಳಕಲ್ಲಿ ಫೋಟೊ ತೆಗೆದು ಇಲ್ಲಿ ಹಾಕಿ, ಜೊತೆಗೆ ತೂಕವನ್ನೂ ಬರೆಯಿರಿ, ನೋಡಿ ಹೇಳುತ್ತೇನೆ.