‘ಅದು ನಮ್ ಕಾರ್ಡಲ್ಲ ಟೀಚರ್’

ಪ್ರಶ್ನೆ: ನಮಸ್ಕಾರ ಟೀಚರ್. ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಇಂಟರ್ನ್‌ಶಿಪ್‌ಗೆ ತೀರ್ಥಹಳ್ಳಿ ಕಡೆಯ ಹಿರಿಯ ಪ್ರಾಥಮಿಕ ಶಾಲೆ ಸಿಕ್ಕಿದೆ. ಬಂದದ್ದು ಆರು, ಏಳನೇ ತರಗತಿಗೆ ವಿಜ್ಞಾನ ಹೇಳಲಿಕ್ಕೆ. ಆದರೆ ಮಕ್ಕಳು ಕಾರ್ಡು ಹಿಡಿದು ಕಲಿಯುವ ನಲಿಕಲಿ ತರಗತಿಯ ಟೀಚರ್ ತರಬೇತಿಗೆ ಹೋದರೆಂದು ಮೂರು ದಿನ ನನ್ನನ್ನೇ ಆ ಕೋಣೆಗೆ ಕಳಿಸಿದರು. ಒಂದು, ಎರಡು, ಮೂರು ಸೇರಿ 19 ಮಕ್ಕಳು. ರಾತ್ರಿ ಕೂತು ಪಾಠಯೋಜನೆ ಬರೆದು, ಬಣ್ಣದ ಚಾರ್ಟ್ ಮಾಡಿ, ‘ಅ ಆ ಇ ಈ’ ಶುರು ಮಾಡಿದೆ. ‘ಅದು ನಮ್ ಕಾರ್ಡಲ್ಲ ಟೀಚರ್’ ಅಂತ ಒಬ್ಬ ಹುಡುಗ ಎದ್ದೇ ಹೋದ. ಹತ್ತು ನಿಮಿಷದಲ್ಲಿ ಕೋಣೆ ಸಂತೆ. ಒಂದನೇ ತರಗತಿಯ ಒಬ್ಬಳಂತೂ ಮೂರು ದಿನವೂ ಬಾಯಿ ಬಿಡಲಿಲ್ಲ. ಇನ್ನೂ ಎರಡು ದಿನ ಅಲ್ಲಿಗೇ ಹೋಗಬೇಕಂತೆ, ಮುಂದಿನ ವಾರ ಪಾಠ ನೋಡಲು ನಮ್ಮ ಮೇಷ್ಟ್ರೂ ಬರುತ್ತಾರೆ. ದಿನಚರಿಯಲ್ಲಿ ಇದನ್ನೆಲ್ಲ ಬರೆಯಲೋ ಬೇಡವೋ?
— ಬಿ.ಎಡ್. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆ ಹುಡುಗ ಹೇಳಿದ್ದು ಸರಿ ಮಾರಾಯ್ತಿ. ಅದು ಅವನ ಕಾರ್ಡಲ್ಲ.

ನಲಿಕಲಿಯಲ್ಲಿ ಅಕ್ಷರ ‘ಅ ಆ ಇ ಈ’ಯಿಂದ ಹೊರಡುವುದಿಲ್ಲ. ‘ರ ಗ ಸ ದ ಅ’ದಿಂದ ಹೊರಡುತ್ತದೆ. ಯಾಕೆ ಅಂತ ಈ ಐದನ್ನೇ ಒಂದು ಕಾಗದದ ಮೇಲೆ ಬರೆದು ಆಡಿಸಿ ನೋಡು. ಸರ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತು ಬೇಡ, ಐದಕ್ಷರ ಬಂದ ಮಗು ಆಗಲೇ ಓದಿಯಾಯಿತು! ಆಮೇಲೆ ‘ಜ ವ ಮ ಬ ನ’ ಬಂದರೆ ಮರ, ಜನ, ಬಸವ. ‘ಅ’ದಿಂದ ‘ಅಃ’ವರೆಗೆ ಕಂಠಪಾಠ ಮಾಡಿದ ಮಗುವಿಗೆ ಅಷ್ಟು ದಿನ ಓದಲು ಸಿಗುವುದು ಏನು? ಈ ಪದ್ಧತಿ 1995ರ ಸುಮಾರಿಗೆ ಎಚ್.ಡಿ. ಕೋಟೆ ಕಡೆ ಶುರುವಾದದ್ದು. ನಮ್ಮ ಶಾಲೆಗೆ ಬರುವಾಗ 2009. ಅಷ್ಟರಲ್ಲಿ ನಾನು 20 ವರ್ಷಕ್ಕೂ ಹೆಚ್ಚು ‘ಅ ಆ ಇ ಈ’ ತಿದ್ದಿಸಿದ್ದೆ. ಮೊದಲ ದಿನ ಸಿಟ್ಟೇ ಬಂದಿತ್ತು, ನಿನ್ನ ಹತ್ತಿರ ಸುಳ್ಳು ಯಾಕೆ.

ಹಾಗಾಗಿ ಆ ಕೋಣೆಗೆ ನಲವತ್ತು ನಿಮಿಷದ ಪಾಠಯೋಜನೆ ಒಯ್ಯಬೇಡ. ಬೆಲ್ ಹೊಡೆಯುವ ಮೊದಲೇ ಹೋಗಿ ಗೋಡೆಯ ಮೇಲಿನ ಪ್ರಗತಿ ನೋಟ ಓದು. ಯಾರು ಯಾವ ಮೈಲಿಗಲ್ಲಿನಲ್ಲಿದ್ದಾರೆ, ಅಂದರೆ ಕಲಿಕೆಯ ಯಾವ ಹಂತದಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ಮಕ್ಕಳು ತಮ್ಮ ಕಾರ್ಡು ತಾವೇ ತೆಗೆದುಕೊಂಡು ತಮ್ಮ ತಟ್ಟೆಗೆ, ಅಂದರೆ ತಮ್ಮ ಗುಂಪಿಗೆ, ಹೋಗಿ ಕೂರುತ್ತಾರೆ. ನೀನು ಒಂದನೇ ತಟ್ಟೆಯಲ್ಲಿ ನೆಲದ ಮೇಲೆ ಕೂತುಕೋ, ಟೀಚರ್ ಸಹಾಯ ಪೂರ್ತಿ ಬೇಕಾದವರು ಅಲ್ಲೇ ಇರುವುದು. ಉಳಿದವರ ಗಲಾಟೆಗೆ ಹೆದರಬೇಡ, ಅರ್ಧ ಗಲಾಟೆ ಮೂರನೇ ತರಗತಿಯವರು ಒಂದನೇ ತರಗತಿಯವರಿಗೆ ಹೇಳಿಕೊಡುವುದು.

ನಿನ್ನನ್ನು ತಯಾರಿಯಿಲ್ಲದೆ ಅಲ್ಲಿಗೆ ತಳ್ಳಿದ್ದು ಸರಿಯಲ್ಲ. ನಮ್ಮ ಕಡೆ ಶಾಲೆಗಳಲ್ಲಿ ಇರುವವರೇ ಇಬ್ಬರು ಮೂವರು, ಒಬ್ಬರು ತರಬೇತಿಗೆ ಹೋದರೆ ಹೆಡ್‌ಮಾಷ್ಟ್ರೂ ಏನು ಮಾಡಿಯಾರು. ಆದರೂ ಅವರ ಹತ್ತಿರ ಕೇಳು: ನಲಿಕಲಿ ಟೀಚರ್ ಬಂದ ಮೇಲೆ ಒಂದು ಪೂರ್ತಿ ದಿನ ಅವರ ಪಕ್ಕ ಸುಮ್ಮನೆ ಕೂರುತ್ತೇನೆ ಅಂತ. ಒಟ್ಟು 20 ವಾರದ ಇಂಟರ್ನ್‌ಶಿಪ್‌ನಲ್ಲಿ ಒಂದು ದಿನ ಯಾವ ಲೆಕ್ಕ.

ಇನ್ನು ಮಾತಾಡದ ಹುಡುಗಿ. 1987ರಲ್ಲಿ ಹೊಸನಗರ ತಾಲ್ಲೂಕಿನ ಏಕೋಪಾಧ್ಯಾಯ ಶಾಲೆಯಲ್ಲಿ ನನಗೂ ಅಂಥವನೊಬ್ಬ ಇದ್ದ. ಮನೆಯಲ್ಲಿ ಕೊಂಕಣಿ. ನಾನು ಮೊಂಡ ಅಂದುಕೊಂಡು ಬಾಗಿಲ ಹತ್ತಿರ ನಿಲ್ಲಿಸುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ಆಷಾಢದ ಒಂದು ದಿನ ಕಪ್ಪು ಹಲಗೆ ಕಡೆ ತಿರುಗಿ ಬರೆಯುತ್ತಿದ್ದೇನೆ, ‘ಟೀಚರ್, ಉಂಬಳ!’ ಅಂತ ಕೂಗು. ತಿರುಗಿದರೆ ಅವನೇ. ನನ್ನ ಹಿಮ್ಮಡಿಯ ಉಂಬಳ ರಕ್ತ ಕುಡಿದು ದ್ರಾಕ್ಷಿಯಷ್ಟಾಗಿತ್ತು. ಓಡಿ ಬಂದು ಬೆರಳಲ್ಲೇ ಕಿತ್ತು ಅಂಗಳಕ್ಕೆ ಎಸೆದ. ಸೀರೆಯ ಅಂಚೆಲ್ಲ ರಕ್ತ. ‘ನಿಮ್ಮನೇಲಿ ಇದಕ್ಕೆ ಏನಂತಾರೋ?’ ಅಂತ ಕೇಳಿದೆ. ಹೇಳಿದ. ಮಾರನೇ ದಿನ ಕೊಡೆಗೆ ಏನಂತಾರೆ ಅಂತ ಕೇಳಿದೆ. ಬಾಗಿಲ ಹತ್ತಿರ ಆಮೇಲೆ ಯಾರನ್ನೂ ನಿಲ್ಲಿಸಲಿಲ್ಲ.

ನೀನು ಉಂಬಳಕ್ಕೆ ಕಾಯುವುದು ಬೇಡ. ಬಿಸಿಯೂಟದ ಅಡುಗೆಯಮ್ಮನ ಹತ್ತಿರ ಹೋಗು, ಯಾವ ಮಗುವಿನ ಮನೆಯಲ್ಲಿ ಯಾವ ಮಾತು, ಯಾರಿಗೆ ಹೊಸ ತಮ್ಮ ಹುಟ್ಟಿದ್ದಾನೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ ಹೆಸರು ಕೇಳಬೇಡ. ಬೆಳಿಗ್ಗೆ ಹಾಲಿನ ಲೋಟ ಹಂಚುವಾಗ ಜೊತೆಗೆ ಕರೆದುಕೋ.

ದಿನಚರಿಯಲ್ಲಿ ನಡೆದದ್ದನ್ನೇ ಬರೆ. ‘ಪಾಠ ಯಶಸ್ವಿಯಾಯಿತು’ ಅಂತ ದಿನಾ ಬರೆದ ಪುಸ್ತಕ ಯಾವ ಮೇಷ್ಟ್ರೂ ಪೂರ್ತಿ ಓದುವುದಿಲ್ಲ. ಎದ್ದು ಹೋದ ಹುಡುಗನನ್ನು ನಾಳೆ ‘ಹಾಗಾದ್ರೆ ನಿನ್ ಕಾರ್ಡ್ ಯಾವ್ದೋ?’ ಅಂತ ಕೇಳು, ಅವನು ತೋರಿಸಿದ್ದನ್ನೂ ಬರೆ.

ಮೇಷ್ಟ್ರು ಬರುವ ದಿನ ಮಳೆ ಹಿಡಿದರೂ ಚಿಂತೆ ಬೇಡ. ತಗಡಿನ ಮಾಡಿನ ಕೆಳಗೆ ನಿಂತು ಕೂಗಿದರೂ ಯಾರ ಪಾಠವೂ ಕೇಳಿಸುವುದಿಲ್ಲ, ಆಗ ನಡೆಯುವುದು ಕಾರ್ಡೊಂದೇ.