ಕಣದ ಕಾಫಿ ಮತ್ತು ಉಳಿದ ಎರಡು ಪೇಪರ್

ಪ್ರಶ್ನೆ: ನಮ್ಮೂರು ಮಾದಾಪುರದ ಹತ್ತಿರ. ಮಡಿಕೇರಿಯಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಮೊದಲ ಎರಡು ಸೆಮಿಸ್ಟರಿನಲ್ಲಿ ಹತ್ತಕ್ಕೆ 7.4 ಮತ್ತು 7.2 ಸರಾಸರಿ ಬಂದಿತ್ತು. ನವೆಂಬರಿನಲ್ಲಿ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ತಮ್ಮ ಇನ್ನೂ ಎಂಟನೇ ಕ್ಲಾಸು. ಕಾಫಿ ಕೊಯ್ಲು, ಕಣ, ಆಳುಗಳ ಲೆಕ್ಕ ಎಲ್ಲವನ್ನೂ ನಾನು, ಅವ್ವ ನೋಡಿಕೊಂಡೆವು. ಮೂರನೇ ಸೆಮಿಸ್ಟರಿನ ಪರೀಕ್ಷೆಯನ್ನು ಓದದೆಯೇ ಬರೆದೆ. ಹತ್ತು ದಿನದ ಹಿಂದೆ ಫಲಿತಾಂಶ ಬಂತು. ಎರಡು ಪೇಪರ್ ಫೇಲ್. ಪಾಸಾಗಲು 80ಕ್ಕೆ 28 ಬೇಕು. ಕಾರ್ಪೊರೇಟ್ ಅಕೌಂಟಿಂಗಿನಲ್ಲಿ 24, ಸ್ಟಾಟಿಸ್ಟಿಕ್ಸಿನಲ್ಲಿ 17 ಬಂದಿದೆ. ಸರಾಸರಿ 4.67ಕ್ಕೆ ಇಳಿದಿದೆ. ಮನೆಯಲ್ಲಿ ಫಲಿತಾಂಶ ಇನ್ನೂ ಬಂದಿಲ್ಲ ಎಂದು ಸುಳ್ಳು ಹೇಳಿದ್ದೇನೆ. ನಿಜ ಗೊತ್ತಾದರೆ, ತನ್ನಿಂದಲೇ ಮಗಳ ಓದು ಹಾಳಾಯಿತು ಎಂದು ಅಪ್ಪ ಕೊರಗುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಕಾಲೇಜು ಬಿಟ್ಟು ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಲೇ? ಬ್ಯಾಂಕ್ ಕೆಲಸಕ್ಕೆ ಹೋಗುವ ಆಸೆ ಇತ್ತು. ಅದೂ ಹೋಯಿತು ಅನ್ನಿಸುತ್ತಿದೆ.

ಉತ್ತರ:

ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನೀನು ಕಳೆದುಕೊಂಡ ಪೇಪರುಗಳು ಕಂಡವು. ಎರಡನೇ ಸಲ ನೀನು ಉಳಿಸಿದ ಬೆಳೆ ಕಂಡಿತು. ನಿಮ್ಮ ಕಡೆ ಅರೇಬಿಕಾ ಜಾಸ್ತಿ. ಹಣ್ಣು ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಬೇಕು, ನಾಳೆ ನೋಡೋಣ ಅಂದರೆ ಆಗುವುದಿಲ್ಲ. ಆಮೇಲೆ ತೊಳೆಯಬೇಕು, ಕಣದಲ್ಲಿ ಹರಡಬೇಕು, ದಿನಕ್ಕೆ ಎಷ್ಟೋ ಸಲ ಕೆದಕಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಮಧ್ಯರಾತ್ರಿ ಮೋಡ ಗುಡುಗಿದರೆ ಎದ್ದು ಓಡಬೇಕು. ಇಪ್ಪತ್ತು ವರ್ಷದ ಹುಡುಗಿ ಇದನ್ನೆಲ್ಲ ಮಾಡಿ, ನಡುವೆ ಪರೀಕ್ಷೆಯನ್ನೂ ಬರೆದು ಬಂದಿದ್ದಾಳೆ. ನೀನು ದಡ್ಡಿ ಅಲ್ಲ, ಸೋಮಾರಿಯೂ ಅಲ್ಲ. ನಿನಗೆ ಸಮಯ ಸಿಗಲಿಲ್ಲ, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. 4.67 ನೋಡಿ ಹೆದರಿದ್ದೀಯ. ಅದು ಹೇಗೆ ಬಂತು ಅಂತ ಬಿಡಿಸಿ ನೋಡಿದೆಯಾ? ಕ್ರೆಡಿಟ್ ಅಂದರೆ ಲೆಕ್ಕದಲ್ಲಿ ಪೇಪರಿಗೆ ಇರುವ ತೂಕ. ಸೆಮಿಸ್ಟರಿಗೆ 24 ಕ್ರೆಡಿಟ್, ಪೇಪರಿಗೆ ನಾಲ್ಕು ಅಂತ ಇಟ್ಟುಕೋ. ನೀನು ಪಾಸಾದ ನಾಲ್ಕು ಪೇಪರಿನ 16 ಕ್ರೆಡಿಟ್‌ಗೆ ಸರಾಸರಿ 7 ಪಾಯಿಂಟ್ ಬಂದಿದೆ. ಒಟ್ಟು 112. ಫೇಲಾದ ಎರಡಕ್ಕೂ ಪಾಯಿಂಟ್ ಸೊನ್ನೆ. 112ನ್ನು 24ರಿಂದ ಭಾಗಿಸಿದರೆ 4.67. ಅಂದರೆ ಅಷ್ಟು ಕಷ್ಟದ ನಡುವೆಯೂ ಬರೆದು ಪಾಸಾದ ಕಡೆ ನೀನು ಹಿಂದಿನ ಮಟ್ಟದ ಹತ್ತಿರವೇ ಇದ್ದೀಯ. ಎರಡು ಸೊನ್ನೆಗಳು ಮಾತ್ರ ಎಲ್ಲವನ್ನೂ ಕೆಳಗೆಳೆದಿವೆ.

ಆ ಎರಡು ಪೇಪರನ್ನು ಮತ್ತೆ ಬರೆದು ತಲಾ 6 ಪಾಯಿಂಟ್ ತೆಗೆದರೂ ಒಟ್ಟು 160 ಆಗುತ್ತದೆ. ಸೆಮಿಸ್ಟರಿನ ಸರಾಸರಿ 6.67ಕ್ಕೆ ಏರುತ್ತದೆ. ಮೊದಲ ಎರಡು ಸೆಮಿಸ್ಟರನ್ನೂ ಸೇರಿಸಿದರೆ 7.09. ಉಳಿದ ಮೂರರಲ್ಲಿ 7.5ರಂತೆ ಬಂದರೆ ಕೊನೆಗೆ ಸುಮಾರು 7.3ಕ್ಕೆ ನಿಲ್ಲುತ್ತೀಯ. ಕಾಲೇಜಿಗೆ ಸೇರಿದ ವರ್ಷ ಎಲ್ಲಿದ್ದೆಯೋ ಹೆಚ್ಚುಕಮ್ಮಿ ಅಲ್ಲಿಗೇ. ನಿನ್ನ ಮಾರ್ಕ್ಸ್ ಕಾರ್ಡಿನಲ್ಲಿ ಕ್ರೆಡಿಟ್ ಬೇರೆ ಥರ ಇದ್ದರೆ ಅದನ್ನೇ ಹಾಕಿಕೊಂಡು ಇದೇ ರೀತಿ ಒಂದು ಹಾಳೆಯಲ್ಲಿ ಬರೆ. ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೋ, ಮುಂದೆ ಬೇಕಾಗುತ್ತದೆ.

ಬ್ಯಾಂಕಿನ ಆಸೆ ಬಿಡಬೇಡ. ಸರ್ಕಾರಿ ಬ್ಯಾಂಕುಗಳಿಗೆ ಜನರನ್ನು ಆರಿಸುವ ಐಬಿಪಿಎಸ್ ಸಂಸ್ಥೆ ನಡೆಸುವ ಕ್ಲರ್ಕ್ ಮತ್ತು ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗಳಿಗೆ ಪದವಿ ಆಗಿರಬೇಕು. ಪದವಿಯಲ್ಲಿ ಇಷ್ಟೇ ಅಂಕ ಇರಬೇಕು ಎಂಬ ಷರತ್ತು ಅಲ್ಲಿಲ್ಲ. ಕೆಲವು ಖಾಸಗಿ ಕಂಪನಿಗಳು 60 ಪರ್ಸೆಂಟ್ ಕೇಳುತ್ತವೆ, ಪೇಪರ್ ಬಾಕಿ ಇರಬಾರದು ಅನ್ನುತ್ತವೆ. ಕೊನೆಯ ವರ್ಷ ಮುಗಿಯುವ ಹೊತ್ತಿಗೆ ನಿನ್ನದೂ ಬಾಕಿ ಇರುವುದಿಲ್ಲ.

ಕಾಲೇಜು ಬಿಡುವ ವಿಚಾರ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಒಳ್ಳೆಯದೇ. ಕೆಲಸ ಮಾಡುತ್ತಾ ಓದುವ ಎಷ್ಟೋ ಜನಕ್ಕೆ ಅದು ದಾರಿ ಮಾಡಿಕೊಟ್ಟಿದೆ. ಆದರೆ ನಿನಗೆ ಈಗ ಅದು ಬೇಡ ಅಂತ ನನ್ನ ಅಭಿಪ್ರಾಯ. ಬಸ್ ಹತ್ತಿ ಮಡಿಕೇರಿಗೆ ಹೋಗುವುದರಿಂದಲೇ ದಿನಕ್ಕೆ ಆರು ಗಂಟೆ ನಿನ್ನದಾಗಿ ಉಳಿದಿದೆ. ಓದು ಮನೆಗೆ ಬಂದರೆ ಆ ಆರು ಗಂಟೆಯೂ ತೋಟಕ್ಕೆ ಹೋಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಹೀಗೆ ಮನೆಗೆ ಹೋದ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಪುಸ್ತಕ ಅಟ್ಟ ಸೇರುತ್ತದೆ.

ಇನ್ನು ಅಪ್ಪನಿಗೆ ಹೇಳುವ ಮಾತು. ನಿನ್ನ ಪತ್ರದಲ್ಲಿ ನನಗೆ ಜಾಸ್ತಿ ಕಾಡಿದ್ದು ಇದೇ.

ಡಿಗ್ರಿಯಲ್ಲಿ ನಾನೂ ಒಂದು ಪೇಪರ್ ಕಳೆದುಕೊಂಡಿದ್ದೆ. ನಾಲ್ಕು ತಿಂಗಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಪರೀಕ್ಷೆಯ ಫೀಸು ಕಟ್ಟುವ ದಿನ ಬಂತು. ಕಾಲೇಜಿನವರು ಪ್ರವಾಸಕ್ಕೆ ದುಡ್ಡು ಕೇಳಿದ್ದಾರೆ ಅಂತ ಅವ್ವನಿಗೆ ಹೇಳಿದೆ. ಅವ್ವ ಒಳಗೆ ಹೋಗಿ ಅಕ್ಕಿ ಡಬ್ಬದಿಂದ ನೋಟು ತೆಗೆದು ಎಣಿಸಿ ಕೊಟ್ಟರು. ಬಾಗಿಲ ತನಕ ಹೋಗಿದ್ದವಳನ್ನು ಮತ್ತೆ ಕರೆದು ಕೈಗೆ ಇನ್ನೂ ಹತ್ತು ರೂಪಾಯಿ ಇಟ್ಟರು. ದಾರಿಯಲ್ಲಿ ಏನಾದರೂ ತಿನ್ನು, ಹಸಿದುಕೊಂಡು ಇರಬೇಡ ಅಂದರು. ನೋಟಿಗೆ ಅಕ್ಕಿಯ ಹುಡಿ ಮೆತ್ತಿತ್ತು. ಪೇಪರ್ ಪಾಸಾಯಿತು. ಆ ಹತ್ತು ರೂಪಾಯಿಯನ್ನು ಮಾತ್ರ ನನಗೆ ಖರ್ಚು ಮಾಡಲು ಆಗಲಿಲ್ಲ. ಅವ್ವ ಈಗ ಇಲ್ಲ. ಇವತ್ತಿಗೂ ಹೇಳಲಿಲ್ಲವಲ್ಲ ಅನ್ನಿಸುತ್ತದೆ.

ಅದಕ್ಕೇ ಹೇಳು ಅನ್ನುತ್ತಿದ್ದೇನೆ. ಇನ್ನೂ ಒಂದು ಕಾರಣ ಇದೆ. ಮೂರನೇ ಸೆಮಿಸ್ಟರಿನ ಪೇಪರನ್ನು ಸಾಮಾನ್ಯವಾಗಿ ಐದನೇ ಸೆಮಿಸ್ಟರಿನ ಪರೀಕ್ಷೆಯ ಜೊತೆಗೆ ಬರೆಯಬೇಕಾಗುತ್ತದೆ. ಅಂದರೆ ಯಾವಾಗ? ಹುತ್ತರಿ ಹಬ್ಬ ಮುಗಿದು ಕೊಯ್ಲು ಜೋರಾಗಿರುವಾಗ. ಈ ಸಲ ನಿನ್ನನ್ನು ಕೆಡವಿದ ಅದೇ ಡಿಸೆಂಬರ್, ಅದೇ ಜನವರಿ. ಆಗ ನಿನ್ನ ಮುಂದೆ ಐದನೇ ಸೆಮಿಸ್ಟರಿನ ಪೇಪರುಗಳ ಜೊತೆ ಈ ಎರಡೂ ಇರುತ್ತವೆ. ಕಣ ಎಲ್ಲೂ ಹೋಗುವುದಿಲ್ಲ, ಮನೆ ಮುಂದೆಯೇ ಇರುತ್ತದೆ. ಮನೆಯವರಿಗೆ ಗೊತ್ತಿಲ್ಲದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ನಿನ್ನನ್ನೇ ಕೂಗುತ್ತಾರೆ. ತಪ್ಪು ಅವರದಲ್ಲ.

ಆದ್ದರಿಂದ ಇದನ್ನು ತಪ್ಪು ಒಪ್ಪಿಕೊಳ್ಳುವ ಮಾತು ಎಂದುಕೊಳ್ಳಬೇಡ. ತೋಟದ ಕೆಲಸದ ಮಾತಿನ ಹಾಗೇ ಎತ್ತು. ರಾತ್ರಿ ಊಟ ಆದ ಮೇಲೆ, ತಮ್ಮ ಮಲಗಿದ ಮೇಲೆ, ಅಪ್ಪ ಅವ್ವ ಇಬ್ಬರೂ ಇರುವಾಗ ಮಾರ್ಕ್ಸ್ ಕಾರ್ಡನ್ನೂ ಆ ಲೆಕ್ಕದ ಹಾಳೆಯನ್ನೂ ಮುಂದಿಡು. “ಅಪ್ಪಾ, ಎರಡು ಪೇಪರ್ ಉಳಿದಿದೆ. ಹೇಳೋಕೆ ಹೆದರಿಕೆ ಆಯ್ತು, ಅದಕ್ಕೆ ಸುಳ್ಳು ಹೇಳ್ದೆ. ಮುಂದಿನ ಜನವರಿಯಲ್ಲಿ ಬರೀಬೇಕು. ಆ ಮೂರು ನಾಲ್ಕು ವಾರ ಕಣಕ್ಕೆ ಯಾರನ್ನ ನೋಡೋಣ?” ಅನ್ನು. ನಿಮ್ಮಿಂದ ಹೀಗಾಯಿತು ಅನ್ನಬೇಡ. ನಿಮ್ಮಿಂದ ಅಲ್ಲ ಅಂತ ನಾಲ್ಕು ಸಲ ಹೇಳುವುದೂ ಬೇಡ. ಅಪ್ಪನಿಗೆ ನೋವಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಲು ಮುರಿದು ತಿಂಗಳುಗಟ್ಟಲೆ ಕುಳಿತ ಗಂಡಸಿಗೆ ಮಗಳು ಬಂದು ನೀವೇ ದಾರಿ ಹೇಳಿ ಅಂದರೆ ಅದು ಔಷಧಿಯೂ ಆಗುತ್ತದೆ.

ದಾರಿಗಳು ಇವೆ. ಆ ನಾಲ್ಕು ವಾರಕ್ಕೆ ನಂಬಿಕೆಯ ಒಬ್ಬ ಆಳನ್ನು ಈಗಲೇ ಮಾತಾಡಿ ಇಟ್ಟುಕೊಳ್ಳಬಹುದು. ಕೊಯ್ಲಿನ ಹೊತ್ತಿಗೆ ಹುಡುಕಿದರೆ ಯಾರೂ ಸಿಗುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ಕೊಯ್ದದ್ದನ್ನು ಪಲ್ಪ್ ಮಾಡದೆ ಚೆರ್ರಿಯಾಗಿ ಒಣಗಿಸಬಹುದು, ಇಲ್ಲವೇ ಹಣ್ಣನ್ನೇ ಮಾರಿಬಿಡಬಹುದು. ಪಲ್ಪ್ ಮಾಡಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟಿನ ಬೆಲೆ ಸಿಗುವುದಿಲ್ಲ, ನಿಜ. ಎಷ್ಟು ಕಮ್ಮಿ ಆಗುತ್ತದೆ, ತಡೆದುಕೊಳ್ಳಬಹುದಾ ಅನ್ನುವುದು ಅಪ್ಪನಿಗೇ ಗೊತ್ತಿರುವ ಲೆಕ್ಕ. ಅದನ್ನು ಅವರಿಗೇ ಬಿಡು.

ಓದಿನ ವಿಚಾರದಲ್ಲಿ ಒಂದು ತಪ್ಪು ಮಾಡಬೇಡ. ಹಳೆಯ ಎರಡು ಪೇಪರಿನ ಹಿಂದೆ ಬಿದ್ದು ಈಗ ನಡೆಯುತ್ತಿರುವ ನಾಲ್ಕನೇ ಸೆಮಿಸ್ಟರನ್ನು ಕೈಬಿಡಬೇಡ. ಮಕ್ಕಳು ಮತ್ತೆ ಮತ್ತೆ ಎಡವುವುದು ಇಲ್ಲೇ. ಮೊದಲು ಹಾಜರಾತಿ ನೋಡಿಕೋ, 75 ಪರ್ಸೆಂಟಿಗಿಂತ ಕೆಳಗೆ ಹೋಗದಿರಲಿ. ಇಂಟರ್ನಲ್ ಅಂಕ ಒಂದೂ ಬಿಡಬೇಡ. ಮಳೆ ಹಿಡಿದರೆ ನಿಮ್ಮ ಕಡೆ ಕರೆಂಟು ಎರಡು ಮೂರು ದಿನ ಇರುವುದಿಲ್ಲ ಅಲ್ವಾ? ಮೊಬೈಲಿನಲ್ಲಿರುವ ನೋಟ್ಸನ್ನೆಲ್ಲ ಮೇ ಮುಗಿಯುವುದರೊಳಗೆ ಕಾಗದಕ್ಕೆ ಇಳಿಸಿಕೋ. ಬಸ್ಸಿನಲ್ಲಿ ಓದಲು ಹೋಗಬೇಡ, ಆ ತಿರುವುಗಳಲ್ಲಿ ತಲೆ ಸುತ್ತುತ್ತದೆ. ಥಿಯರಿ ಉತ್ತರಗಳನ್ನು ನಿನ್ನ ದನಿಯಲ್ಲೇ ಮೊಬೈಲಿಗೆ ಹೇಳಿಟ್ಟುಕೊಂಡು ಕಿವಿಗೆ ಹಾಕಿಕೋ.

ಹಳೆಯ ಪೇಪರಿಗೆ ಸದ್ಯಕ್ಕೆ ಭಾನುವಾರದ ಎರಡು ಗಂಟೆ ಸಾಕು. ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರಿನಿಂದ, ದಿನಾ ಒಂದು ಗಂಟೆ ಕೊಡು. ಎರಡೂ ಕೈಯಲ್ಲಿ ಮಾಡಿ ಕಲಿಯುವ ವಿಷಯ. ಓದುತ್ತಾ ಕುಳಿತರೆ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ. ಅಕೌಂಟಿಂಗಿನಲ್ಲಿ ಉತ್ತರ ಟ್ಯಾಲಿ ಆಗದಿದ್ದರೂ ವರ್ಕಿಂಗ್ ನೋಟ್, ಅಂದರೆ ಲೆಕ್ಕ ಬಿಡಿಸಿದ ಹಂತಗಳು, ಸರಿ ಇದ್ದರೆ ಅದಕ್ಕೆ ಅಂಕ ಇದೆ. ನಾನು ತಿದ್ದಿದ ಎಷ್ಟೋ ಪೇಪರುಗಳಲ್ಲಿ ಮಕ್ಕಳು ಅದನ್ನು ಕೊನೆಯ ಪುಟದಲ್ಲಿ ಗೀಚಿ ಹೊಡೆದು ಹಾಕಿರುತ್ತಿದ್ದರು. ನೋಡಿದರೆ ಲೆಕ್ಕ ಸರಿಯೇ ಇರುತ್ತಿತ್ತು. ಹಾಗೆ ಮಾಡಬೇಡ.

ಸ್ಟಾಟಿಸ್ಟಿಕ್ಸಿಗೆ ನಿನ್ನ ಹತ್ತಿರವೇ ಪುಸ್ತಕ ಇದೆ. ಕೊಯ್ಲಿನ ದಿನ ಯಾರು ಎಷ್ಟು ಕಿಲೋ ಕೊಯ್ದರು ಅಂತ ಬರೆದಿಟ್ಟಿರುತ್ತೀಯಲ್ಲ, ಆ ನೋಟ್ ಬುಕ್ ತೆಗಿ. ಒಂದು ದಿನದ ಕಿಲೋಗಳನ್ನು ಸಾಲಾಗಿ ಬರೆದು ಸರಾಸರಿ ತೆಗಿ. ಪಕ್ಕದ ಕಾಲಂನಲ್ಲಿ ಒಬ್ಬೊಬ್ಬರದು ಸರಾಸರಿಯಿಂದ ಎಷ್ಟು ಹೆಚ್ಚು, ಎಷ್ಟು ಕಮ್ಮಿ ಅಂತ ಬರೆ. ಅದರ ಪಕ್ಕ ಅದರ ವರ್ಗ. ಕೂಡಿಸು, ಜನರ ಸಂಖ್ಯೆಯಿಂದ ಭಾಗಿಸು, ವರ್ಗಮೂಲ ತೆಗಿ. ಅದೇ ಸ್ಟ್ಯಾಂಡರ್ಡ್ ಡೀವಿಯೇಷನ್. ಯಾವ ದಿನ ಎಲ್ಲರೂ ಒಂದೇ ಸಮ ಕೊಯ್ದರು, ಯಾವ ದಿನ ಇಬ್ಬರು ಮಾತ್ರ ಜಾಸ್ತಿ ಕೊಯ್ದು ಉಳಿದವರು ನಿಧಾನ ಮಾಡಿದರು ಅನ್ನುವುದು ಆ ಒಂದು ಅಂಕಿಯಲ್ಲಿ ಕಾಣುತ್ತದೆ. ಆಮೇಲೆ ಪಠ್ಯದ ಲೆಕ್ಕ ಮಾಡು, ಹೆದರಿಕೆ ಅರ್ಧ ಇಳಿದಿರುತ್ತದೆ.

ರಾತ್ರಿ ನಿದ್ದೆ ಬಾರದೆ ಎದೆ ಭಾರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು. ನಂಬರ್ 14416. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಸುಮ್ನೆ ಹೇಳುತ್ತಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಉತ್ತರ ಪತ್ರಿಕೆಯ ಝೆರಾಕ್ಸ್ ಪ್ರತಿಗೂ ಮರುಮೌಲ್ಯಮಾಪನಕ್ಕೂ ಫಲಿತಾಂಶ ಬಂದ ಮೇಲೆ ಸ್ವಲ್ಪ ದಿನ ಮಾತ್ರ ಅವಕಾಶ ಇರುತ್ತದೆ. ಹತ್ತು ದಿನ ಆಗಲೇ ಹೋಗಿದೆ. ನಮ್ಮ ಕಾಲದಲ್ಲಿ ಕೊಡಗಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಇಂಥ ಒಂದು ಕೆಲಸಕ್ಕೆ ಸಂಪಾಜೆ ಘಾಟಿ ಇಳಿದು ಆ ವಿಶ್ವವಿದ್ಯಾಲಯ ಇರುವ ಕೊಣಾಜೆಗೆ ಹೋಗಬೇಕಿತ್ತು. ನಿನಗೆ ಕಾಲೇಜಿನ ಆಫೀಸಿನಲ್ಲೇ ಕೊನೆಯ ದಿನ ಯಾವುದು, ಫೀಸು ಎಷ್ಟು ಅಂತ ಹೇಳುತ್ತಾರೆ. 17 ಬಂದ ಸ್ಟಾಟಿಸ್ಟಿಕ್ಸಿಗೆ ದುಡ್ಡು ಹಾಕಬೇಡ, ಅದನ್ನು ಮತ್ತೆ ಬರೆಯುವುದೇ ಸರಿ. 24 ಬಂದ ಅಕೌಂಟಿಂಗಿಗೆ ಮಾತ್ರ ಝೆರಾಕ್ಸ್ ತೆಗೆಸು. ಅದನ್ನು ಹಿಡಿದು ಪಾಠ ಮಾಡಿದ ಮೇಷ್ಟ್ರ ಹತ್ತಿರ ಹೋಗಿ ಕೂರು. ಯಾವುದಾದರೂ ಉತ್ತರ ತಿದ್ದದೆ ಬಿಟ್ಟಿದ್ದಾರಾ, ಕೂಡಿಸುವಾಗ ತಪ್ಪಿದ್ದಾರಾ ಅಂತ ನೋಡಿಸು. ನಾಲ್ಕು ಅಂಕ ಎಲ್ಲೋ ಉಳಿದುಹೋಗಿರಬಹುದು. ಏನೂ ಸಿಗದಿದ್ದರೆ ಎಲ್ಲಿ ತಪ್ಪಿದೆ ಅನ್ನುವುದಾದರೂ ಕಣ್ಣೆದುರು ಇರುತ್ತದೆ.

ನಾಳೆ ಬೆಳಿಗ್ಗೆಯೇ ಆಫೀಸಿಗೆ ಹೋಗು. ಮಾರ್ಕ್ಸ್ ಕಾರ್ಡಿನ ಜೊತೆ ಹಾಲ್ ಟಿಕೆಟ್ಟೂ ಇರಲಿ, ಅದನ್ನು ಕೇಳುತ್ತಾರೆ. ಫೀಸಿನ ದುಡ್ಡನ್ನು ಅಪ್ಪನ ಹತ್ತಿರ, ಯಾತಕ್ಕೆ ಅಂತ ಹೇಳಿಯೇ ಇಸಿದುಕೋ.