ಮುಧೋಳದ ಅಪ್ಪ-ಅವ್ವ ಸಾಂಬ್ರಾದಿಂದ ಬೆಂಗಳೂರು ಮೇಲೆ ಚೆನ್ನೈಗೆ ಹೋಗಬೇಕು, ಏನೇನು ನೋಡಿಕೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಅರವತ್ತು ದಾಟಿದ ಅಪ್ಪ-ಅವ್ವ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಜೊತೆಗೆ ಯಾರೂ ಇಲ್ಲ, ಅಪ್ಪನಿಗೆ ಮೊಣಕಾಲು ನೋವು. ಬೆಳಗಾವಿ–ಬೆಂಗಳೂರು ಒಂದು, ಬೆಂಗಳೂರು–ಚೆನ್ನೈ ಇನ್ನೊಂದು ಅಂತ ಬೇರೆ ಬೇರೆ ಟಿಕೆಟ್ ತೆಗೆದರೆ ಸ್ವಲ್ಪ ದುಡ್ಡು ಉಳಿಯುತ್ತದೆ, ತೆಗೆಯಬಹುದೇ?

ಬೇಡ. ಆ ದುಡ್ಡು ಉಳಿಸಲು ಹೋಗಬೇಡಿ. ಸಾಂಬ್ರಾ ಅಂದರೆ ಬೆಳಗಾವಿಯ ವಿಮಾನ ನಿಲ್ದಾಣ, ಚಿಕ್ಕದು, ಮೊದಲ ಸಲ ಹೋದವರೂ ಅಲ್ಲಿ ದಾರಿ ತಪ್ಪುವುದಿಲ್ಲ. ಕೆಲಸ ಕೆಡುವುದು ಬೆಂಗಳೂರಿನಲ್ಲಿ. ಎರಡು ಬೇರೆ ಪಿಎನ್‌ಆರ್ (ಟಿಕೆಟ್‌ನ ಬುಕಿಂಗ್ ಸಂಖ್ಯೆ) ಇದ್ದರೆ ವಿಮಾನ ಕಂಪನಿಯ ಲೆಕ್ಕದಲ್ಲಿ ಅದು ಎರಡು ಬೇರೆ ಪ್ರಯಾಣ. ಬೆಂಗಳೂರಿನಲ್ಲಿ ಇಳಿದು, ಬೆಲ್ಟ್ ಹತ್ತಿರ ಬ್ಯಾಗ್‌ಗಾಗಿ ಕಾದು, ಹೊರಗೆ ಬಂದು, ಮತ್ತೆ ಗೇಟಿನಲ್ಲಿ ಟಿಕೆಟ್ ತೋರಿಸಿ ಒಳಹೋಗಿ, ಮತ್ತೆ ಬ್ಯಾಗ್ ಕೊಟ್ಟು, ಮತ್ತೆ ಸೆಕ್ಯುರಿಟಿಗೆ ನಿಲ್ಲಬೇಕು. ಇಂಡಿಗೋದಂಥ ಕಂಪನಿಗಳಲ್ಲಿ ದೇಶದೊಳಗಿನ ವಿಮಾನ ಹೊರಡುವ 60 ನಿಮಿಷ ಮೊದಲೇ ಬ್ಯಾಗ್ ತೆಗೆದುಕೊಳ್ಳುವುದು ನಿಲ್ಲುತ್ತದೆ. ಬೆಳಗಾವಿಯ ವಿಮಾನ ತಡವಾಗಿ ಚೆನ್ನೈ ವಿಮಾನ ತಪ್ಪಿದರೆ ಎರಡನೇ ಟಿಕೆಟ್‌ನ ದುಡ್ಡು ಹೋದಂತೆಯೇ, ಕೇಳುವವರು ಯಾರೂ ಇರುವುದಿಲ್ಲ. ಒಂದೇ ಪಿಎನ್‌ಆರ್ ಆಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು.

ಟರ್ಮಿನಲ್ ವಿಷಯವೂ ಇದೆ. ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್. ಸ್ಟಾರ್ ಏರ್ ಎಂಬ ವಿಮಾನ ಕಂಪನಿ 2023ರ ಜನವರಿಯಲ್ಲೇ ಎರಡನೆಯದಕ್ಕೆ ಹೋಯಿತು. ಇಂಡಿಗೋದ ದೇಶದೊಳಗಿನ ವಿಮಾನಗಳು ಮೊದಲನೆಯದರಲ್ಲೇ ಉಳಿದವು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುವುದಾದರೆ ಮಧ್ಯೆ ಶಟಲ್ ಬಸ್ ಹಿಡಿಯಬೇಕು. ವಯಸ್ಸಾದವರು, ಅದೂ ಇಬ್ಬರೇ. ಅವರಿಗೆ ಈ ಓಡಾಟ ಬೇಡವೇ ಬೇಡ. ಬೇರೆ ದಾರಿಯೇ ಇಲ್ಲ, ಬೇರೆ ಟಿಕೆಟೇ ಗತಿ ಎಂದಾದರೆ ನಡುವೆ ಕನಿಷ್ಠ ನಾಲ್ಕು ಗಂಟೆ ಇಡಿ.

ಒಂದೇ ಟಿಕೆಟ್ ಮಾಡಿದ ಮೇಲೂ ಸಾಂಬ್ರಾ ಕೌಂಟರ್‌ನಲ್ಲಿ ಒಂದು ಕೆಲಸ ಇದೆ. ಬ್ಯಾಗಿನ ಹಿಡಿಕೆಗೆ ಸುತ್ತುವ ಉದ್ದನೆಯ ಕಾಗದದ ಪಟ್ಟಿಯಲ್ಲಿ ದೊಡ್ಡದಾಗಿ ಅಚ್ಚಾದ ಮೂರು ಅಕ್ಷರ ಎಂಎಎ ಇರಬೇಕು. ಅದು ಚೆನ್ನೈ. ಬಿಎಲ್‌ಆರ್ ಅಂತ ದೊಡ್ಡದಾಗಿದ್ದರೆ ಬ್ಯಾಗ್ ಬೆಂಗಳೂರಿಗೇ ಮುಗಿಯಿತು ಎಂದರ್ಥ. ಅಲ್ಲೇ ನಿಂತು ಸರಿ ಮಾಡಿಸಬೇಕು. ಎರಡೂ ವಿಮಾನದ ಬೋರ್ಡಿಂಗ್ ಪಾಸ್ ಅಲ್ಲೇ ಕೇಳಿ ಪಡೆಯಲಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಎಲ್ಲರ ಹಿಂದೆ ಬೆಲ್ಟ್ ಕಡೆ ಹೋಗದೆ ಟ್ರಾನ್ಸ್‌ಫರ್ ಫಲಕದ ಕಡೆ ಹೋಗಬೇಕು. ಇದನ್ನು ಇಬ್ಬರಿಗೂ ಎರಡು ಸಲ ಹೇಳಿಡಿ.

ಅಪ್ಪನಿಗೆ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಹಾಕಿಸಿ, ಕಡೇ ಪಕ್ಷ 48 ಗಂಟೆ ಮೊದಲು. ಸಂಕೋಚ ಬೇಡ. ಗಾಲಿಕುರ್ಚಿ ತಳ್ಳುವ ಸಿಬ್ಬಂದಿಯೇ ಸೆಕ್ಯುರಿಟಿ ದಾಟಿಸಿ ಗೇಟಿನವರೆಗೆ ಬಿಡುತ್ತಾರೆ, ಅವ್ವನೂ ಜೊತೆಯಲ್ಲೇ ಇರುತ್ತಾಳೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಇದೇ ದೊಡ್ಡ ಆಸರೆ. ವಿಮಾನ ಎಟಿಆರ್ ಆಗಿದ್ದರೆ (ರೆಕ್ಕೆಯ ಮೇಲೆ ಫ್ಯಾನ್ ಇರುವ, 78 ಸೀಟಿನದು) ಪ್ರಯಾಣಿಕರು ಹತ್ತುವ ಬಾಗಿಲು ಹಿಂಬದಿಗೆ. ಆದ್ದರಿಂದ ಮೊಣಕಾಲು ನೋವಿನವರಿಗೆ ಮುಂದಿನ ಸಾಲಿಗಿಂತ ಹಿಂದಿನ ಸಾಲೇ ಒಳ್ಳೆಯದು. ದುಡ್ಡು ಕೊಟ್ಟು ಒಂದನೇ ಸಾಲು ಹಿಡಿದರೆ ಇಕ್ಕಟ್ಟಿನ ನಡುದಾರಿಯಲ್ಲಿ ಪೂರ್ತಿ ಮುಂದೆ ನಡೆಯಬೇಕಾಗುತ್ತದೆ.

ಎಟಿಆರ್‌ನಲ್ಲಿ ತಲೆ ಮೇಲಿನ ಗೂಡು ಚಿಕ್ಕದು. 7 ಕೆಜಿ ಒಳಗಿರುವ ಟ್ರಾಲಿಯೂ ಹಿಡಿಸದಿದ್ದರೆ ಬಾಗಿಲಲ್ಲೇ ಚೀಟಿ ಕಟ್ಟಿ ಕೆಳಗೆ ಹಾಕುತ್ತಾರೆ. ಆಗ ಒಳಗಿರುವ ಪವರ್ ಬ್ಯಾಂಕ್, ಗುಳಿಗೆ, ಆಧಾರ್ ತೆಗೆದು ಕೈಯಲ್ಲಿ ಇಟ್ಟುಕೊಳ್ಳಲೇಬೇಕು. ಪವರ್ ಬ್ಯಾಂಕ್ ಸಾಮಾನಿನ ಕೋಣೆಗೆ ಹೋಗುವಂತಿಲ್ಲ. ಟ್ರಾಲಿಯ ಬದಲು ಮೆತ್ತನೆಯ ಕೈಚೀಲ ಕೊಡಿ, ತಾಪತ್ರಯವೇ ಇಲ್ಲ.

ಮಗಳ ಮನೆಗೋ ಮಗನ ಮನೆಗೋ ಹೋಗುವ ಅವ್ವ ಬರಿಗೈಲಿ ಹೋಗುವುದಿಲ್ಲ, ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ. ಇಡೀ ಒಣಕೊಬ್ಬರಿ ಬೇಡ. ಎಣ್ಣೆಯ ಅಂಶದಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಸರಕು ಅಂತ ಅದಕ್ಕೆ ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಜಾಗ ಇದೆ. ಸ್ಕ್ಯಾನರ್‌ನಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸಿ ತೆಗೆಸುತ್ತಾರೆ. ಉಪ್ಪಿನಕಾಯಿ, ಖಾರದ ಪುಡಿ, ಶೇಂಗಾ ಚಟ್ನಿ, ಈಳಿಗೆ, ಅಡಕೊತ್ತು ಎಲ್ಲ ಕೌಂಟರ್‌ನಲ್ಲಿ ಕೊಡುವ ಕೆಳಗಿನ ಬ್ಯಾಗಿಗೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ಬಿಗಿದು, ಎರಡು ಕವರ್ ಸುತ್ತಿ. ಕರದಂಟು, ಕಟಕ್ ರೊಟ್ಟಿ ಕೈಚೀಲದಲ್ಲೇ ಹೋಗುತ್ತವೆ. ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿದ್ದರೆ ಪುಡಿಯಾಗುವುದಿಲ್ಲ. ಅಪ್ಪ ಬೀಡಿ ಸೇದುವವರಾದರೆ ಬೆಂಕಿಪೊಟ್ಟಣ, ಲೈಟರ್ ಮನೆಯಲ್ಲೇ ಬಿಡಲಿ, ಅವು ಮೇಲೂ ಇಲ್ಲ ಕೆಳಗೂ ಇಲ್ಲ. ಸಾಮಾನ್ಯವಾಗಿ ಕೆಳಗಿನ ಬ್ಯಾಗಿಗೆ ತಲೆಗೆ 15 ಕೆಜಿ, ಮನೆಯಲ್ಲೇ ತೂಗಿ.

ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಟಿಕೆಟ್ ಮಾಡುವವರು ಬಾಯಿಗೆ ಬಂದ ಕರೆಯುವ ಹೆಸರು ಹಾಕಿಬಿಡುತ್ತಾರೆ. ಆಧಾರ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ. ಕಂಪನಿಯ ಸ್ವಂತ ಜಾಲತಾಣದಲ್ಲಿ ಮಾಡಿ, ತಪ್ಪನ್ನು 24 ಗಂಟೆಯೊಳಗೆ ತಿಳಿಸಿದರೆ ತಿದ್ದುಪಡಿಗೆ ದುಡ್ಡು ಕೇಳುವಂತಿಲ್ಲ.

ದಾರಿ ನಿಮಗೆ ಅನುಕೂಲವೇ ಇದೆ. ಲೋಕಾಪುರ, ಯರಗಟ್ಟಿ, ನೇಸರಗಿ ಮೇಲೆ ಬಂದರೆ ಬೆಳಗಾವಿ ಊರು ಮುಟ್ಟುವ ಸುಮಾರು 10 ಕಿ.ಮೀ. ಮೊದಲೇ ಸಾಂಬ್ರಾ ಸಿಗುತ್ತದೆ. ಊರೊಳಗೆ ಹೋಗಿ ತಿರುಗಿ ಬರುವ ಅಗತ್ಯವೇ ಇಲ್ಲ. ಬಸ್ಸಾದರೆ ಯರಗಟ್ಟಿ ಮೇಲೆ ಹೋಗುವುದನ್ನೇ ಹಿಡಿದು, ಹತ್ತುವಾಗಲೇ ಸಾಂಬ್ರಾದಲ್ಲಿ ನಿಲ್ಲಿಸುತ್ತಾರಾ ಅಂತ ಕಂಡಕ್ಟರ್‌ಗೆ ಕೇಳಿ. ಲಗೇಜ್ ಇದ್ದರೆ ಕಾರೇ ಸರಿ. ಕಬ್ಬಿನ ಹಂಗಾಮಿನಲ್ಲಿ ಮಾತ್ರ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ: ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ದಾಟಲು ಜಾಗ ಸಿಗುವುದಿಲ್ಲ, ಕತ್ತಲಲ್ಲಿ ಹಿಂದಿನ ಟ್ರೇಲರ್‌ಗೆ ಕೆಂಪು ದೀಪವೂ ಇರುವುದಿಲ್ಲ. ಬೆಳಗಿನ ಜಾವದ ಕತ್ತಲಲ್ಲಿ ಈ ರಸ್ತೆಯಲ್ಲಿ ಅವಸರ ಮಾಡಿಸಬೇಡಿ.

ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಮೋಡ ನೆಲಕ್ಕೆ ಹತ್ತಿರ ಇಳಿಯುತ್ತದೆ. ರನ್‌ವೇ ಕಾಣದಿದ್ದರೆ ಬರುವ ವಿಮಾನ ಬೇರೆ ಕಡೆ ತಿರುಗುತ್ತದೆ, ಅದೇ ವಿಮಾನ ವಾಪಸ್ ಹೋಗಬೇಕಾದ್ದರಿಂದ ನಿಮ್ಮದೂ ಕೆಡುತ್ತದೆ. ಹೊರಡುವ ಮುನ್ನ ಬೆಂಗಳೂರಿನಿಂದ ಬರುವ ವಿಮಾನ ಸಮಯಕ್ಕೆ ಸರಿಯಾಗಿದೆಯೇ ಅಂತ ಆ್ಯಪ್‌ನಲ್ಲಿ ನೋಡಿ. ಎರಡು ಗಂಟೆ ದಾಟಿ ತಡವಾದರೆ ತಿಂಡಿ-ಚಹಾ ಕೊಡಬೇಕು. ರದ್ದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ದುಡ್ಡು, ಯಾವುದು ಬೇಕೋ ನೀವೇ ಕೇಳಬಹುದು. ಹವಾಮಾನದ ಕಾರಣಕ್ಕಾದರೆ ಮೇಲೆ ಪರಿಹಾರ ಮಾತ್ರ ಸಿಗದು. ಆ ತಿಂಗಳುಗಳಲ್ಲಿ ಚೆನ್ನೈನಲ್ಲಿ ಮದುವೆಯಂಥ ತಪ್ಪಿಸಲಾಗದ ಕೆಲಸ ಇದ್ದರೆ ಒಂದು ದಿನ ಮೊದಲೇ ಕಳಿಸಿ.